‘ಎಲ್ಲಾ ಐತಿ’ ಅನ್ನುವವರು ತಾಟು ತೋರಿಸಲಿ

ಗದಗ ಸೀಮೆಯಲ್ಲಿ ಊಟದ ಮಾತು ಎಲ್ಲಿ ಬಂದರೂ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಶ್ರಾವಣದ ಪ್ರವಚನವಿರಲಿ, ಕಿರಾಣಿ ಅಂಗಡಿಯ ಕಟ್ಟೆಯಿರಲಿ, ಬೆಳಗಾಗುತ್ತಲೇ ಮೊಬೈಲಿಗೆ ಬಂದು ಬೀಳುವ ಸಂದೇಶವಿರಲಿ, ಮಾತು ಒಂದೇ: ‘ಸಸ್ಯಾಹಾರದಾಗ ಎಲ್ಲಾ ಐತ್ರಿ, ಹೊರಗಿಂದ ಏನೂ ಬೇಕಾಗಿಲ್ಲ.’ ಹೇಳುವವರಲ್ಲಿ ಅಜ್ಜಾರಿದ್ದಾರೆ, ಮಾಸ್ತರಿದ್ದಾರೆ, ಓದಿದ ಡಾಕ್ಟರೂ ಇದ್ದಾರೆ. ಕೇಳಿದವರು ಗೋಣು ಹಾಕಿ ಎದ್ದು ಹೋಗುತ್ತಾರೆ. ‘ಐತಿ ಖರೆ, ಯಾರ ತಾಟಿನ್ಯಾಗ ಐತಿ?’ ಎಂದು ತಿರುಗಿ ಕೇಳಿದವರನ್ನು ನಾನು ಕಂಡಿಲ್ಲ.

ನಾನು ಮೊಟ್ಟೆ ಮುಟ್ಟಿದವನಲ್ಲ, ಈ ವಯಸ್ಸಿನಲ್ಲಿ ಮುಟ್ಟುವ ವಿಚಾರವೂ ಇಲ್ಲ. ಆದ್ದರಿಂದ ಇದನ್ನು ಮಾಂಸಾಹಾರಿಯ ವಕಾಲತ್ತು ಎಂದು ಯಾರೂ ಪಕ್ಕಕ್ಕಿಡಬೇಕಿಲ್ಲ. ನನ್ನ ತಕರಾರು ಸಸ್ಯಾಹಾರದ ಮೇಲಲ್ಲ. ‘ಎಲ್ಲಾ ಐತಿ’ ಎಂಬ ಮಾತನ್ನು ಮಕ್ಕಳಿಗೆ ಏನೂ ಕೊಡದಿರಲು ನೆಪ ಮಾಡಿಕೊಂಡಿದ್ದೇವಲ್ಲ, ತಕರಾರು ಅದರ ಮೇಲೆ.

ಈ ಜಗಳಕ್ಕೆ ನಮ್ಮ ಜಿಲ್ಲೆಯದೇ ಒಂದು ದಾಖಲೆಯಿದೆ. ಗದಗಿನಿಂದ ಕಪ್ಪತಗುಡ್ಡದ ಕಡೆ ಹೊರಟರೆ ನಾಗಾವಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. 2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿತು. ಒಲ್ಲೆ ಎಂದವರಿಗೆ ಬಾಳೆಹಣ್ಣು. ಅದರಿಂದ ಏನಾದರೂ ಫಲ ಸಿಕ್ಕಿತೇ ಎಂದು ಅಳೆಯುವ ಕೆಲಸ ಈ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಮೊಟ್ಟೆ ಕೊಟ್ಟ ಯಾದಗಿರಿಯನ್ನೂ ಕೊಡದ ಗದಗವನ್ನೂ ಎದುರಾಬದುರಾ ಇಟ್ಟು, ಒಂದರಿಂದ ಎಂಟನೆಯ ತರಗತಿಯವರೆಗಿನ ಸುಮಾರು ನಾಲ್ಕೂವರೆ ಸಾವಿರ ಮಕ್ಕಳ ತೂಕ, ಎತ್ತರ ನೋಡಿದರು. 2022ರಲ್ಲಿ ಫಲಿತಾಂಶ ಹೊರಬಿತ್ತು. ಎಂಟನೆಯ ತರಗತಿಯ ಹುಡುಗಿಯರನ್ನೇ ತೆಗೆದುಕೊಂಡರೆ, ಯಾದಗಿರಿಯವರಲ್ಲಿ ಆದ ತೂಕದ ಏರಿಕೆ ಗದಗಿನವರಿಗಿಂತ ಶೇ. 71ರವರೆಗೆ ಹೆಚ್ಚು.

ಈ ಹೋಲಿಕೆಯಲ್ಲಿ ನಮ್ಮ ಜಿಲ್ಲೆಗೆ ಸಿಕ್ಕ ಪಾತ್ರ ಯಾವುದು ನೋಡಿ. ಕೊಟ್ಟರೆ ಏನಾಗುತ್ತದೆಂದು ತೋರಿಸಿದ್ದು ಯಾದಗಿರಿ, ಕೊಡದಿದ್ದರೆ ಏನಾಗುತ್ತದೆಂದು ತೋರಿಸಿದ್ದು ನಾವು. ಗದಗಿನ ಹುಡುಗಿಯರು ತಕ್ಕಡಿ ಹತ್ತಿ ಇಳಿದರು, ಕೈಗೆ ಏನೂ ಬರಲಿಲ್ಲ.

ಈ ಅಧ್ಯಯನವನ್ನು ಮೊಟ್ಟೆಯ ಪರದವರು ಬಾವುಟದಂತೆ ಬೀಸಿದರು, ವಿರೋಧಿಗಳು ಓದದೆಯೇ ಬದಿಗೆ ಸರಿಸಿದರು. ಓದಿದರೆ ಇಬ್ಬರಿಗೂ ಇಕ್ಕಟ್ಟು. ಶೇ. 71 ಎಂದರೆ ಆ ಹುಡುಗಿಯರು ಅಷ್ಟು ದಪ್ಪವಾದರು ಎಂದಲ್ಲ; ಕೆಲವು ತಿಂಗಳಲ್ಲಿ ಏರಿದ ತೂಕದಲ್ಲಿನ ಅಂತರ ಅದು. ಯಾದಗಿರಿಯಲ್ಲಿ ಬಾಳೆಹಣ್ಣು ತಿಂದ ಮಕ್ಕಳೂ ಇದ್ದರು. ಆದ್ದರಿಂದ ಇದು ಮೊಟ್ಟೆಗೂ ಸಸ್ಯಾಹಾರಕ್ಕೂ ನಡೆದ ಕುಸ್ತಿಯಲ್ಲ. ಕೊಟ್ಟದ್ದಕ್ಕೂ ಕೊಡದ್ದಕ್ಕೂ ನಡೆದ ಹೋಲಿಕೆ. ಆದರೆ ಅಷ್ಟರಿಂದಲೇ ‘ಎಲ್ಲಾ ಐತಿ’ ವಾದದ ಬುಡ ಅಲುಗಾಡುತ್ತದೆ. ನಮ್ಮ ಮಕ್ಕಳ ದಿನನಿತ್ಯದ ಊಟದಲ್ಲಿ ನಿಜಕ್ಕೂ ಎಲ್ಲ ಇದ್ದಿದ್ದರೆ, ಮೇಲೆ ಒಂದಿಷ್ಟು ಹಾಕಿದ ಕೂಡಲೇ ಇಷ್ಟು ಅಂತರ ಬೀಳುತ್ತಿರಲಿಲ್ಲ. ತುಂಬಿದ ಕೊಡಕ್ಕೆ ನೀರು ಹಿಡಿಯುವುದಿಲ್ಲ.

ಆ ದಿನನಿತ್ಯದ ಊಟ ಹೇಗಿರುತ್ತದೆ? ಹೆಸರು ಬಿಡಿಸುವ ಕಾಲಕ್ಕೆ, ಶ್ರಾವಣದ ಆಸುಪಾಸಿನಲ್ಲಿ, ಕಪ್ಪತಗುಡ್ಡದ ಗಾಳಿಕಂಬಗಳ ಕೆಳಗಿನ ಯಾವ ಹೊಲಕ್ಕಾದರೂ ಹೋಗಿ. ಮಧ್ಯಾಹ್ನ ಕೂಲಿ ಹೆಣ್ಣುಮಕ್ಕಳು ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಎರಡು ಜೋಳದ ರೊಟ್ಟಿ, ಒಂದು ಉಂಡಿ ಕೆಂಪು ಖಾರ, ಚಿಟಿಕೆ ಶೇಂಗಾ ಚಟ್ನಿ, ಕಚ್ಚಲಿಕ್ಕೆ ಉಳ್ಳಾಗಡ್ಡಿ. ಸುತ್ತ ಗೋಣಿಚೀಲ ತುಂಬಾ ಹೆಸರಕಾಯಿ, ಬುತ್ತಿಯಲ್ಲಿ ಒಂದು ಹೆಸರಕಾಳಿಲ್ಲ. ಕಾಳು ಎ.ಪಿ.ಎಂ.ಸಿ.ಗೆ ಹೋಗುತ್ತದೆ, ಮನೆಗೆ ರೇಷನ್ ಅಂಗಡಿಯ ಅಕ್ಕಿ ಬರುತ್ತದೆ. ಕಟ್ಟಿದ ಎಮ್ಮೆಯ ಹಾಲು ಎರಡೂ ಹೊತ್ತು ಡೇರಿಗೆ. ಮಕ್ಕಳ ಪಾಲಿಗೆ ಚಹಾದ ಬಣ್ಣ ತಿರುಗಿಸುವಷ್ಟು. ಸಂಜೆ ಐದು ರೂಪಾಯಿಯ ಪುಡಿಕೆ, ಇಲ್ಲವೆ ಚುರುಮುರಿ-ಮಿರ್ಚಿ. ಈ ಊಟಕ್ಕೆ ಸಸ್ಯಾಹಾರವೆಂಬ ಹೆಸರು ಒಪ್ಪುತ್ತದೆ. ‘ಎಲ್ಲಾ ಐತಿ’ ಎಂಬುದು ಒಪ್ಪುವುದಿಲ್ಲ.

ಮಾಂಸ ತಿನ್ನುವ ಜಾತಿಗಳ ಮನೆಯಲ್ಲೂ ಇದೇ ತಾಟು ಎಂಬುದನ್ನು ಈ ವಾದದ ಎರಡೂ ಕಡೆಯವರು ಮರೆಯುತ್ತಾರೆ. ರಾಜ್ಯದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಸಸ್ಯಾಹಾರಿಗಳು ಸುಮಾರು ಶೇ. 21 ಎಂದು 2014ರ ಮಾದರಿ ನೋಂದಣಿ (ಎಸ್.ಆರ್.ಎಸ್.) ಸಮೀಕ್ಷೆ ಹೇಳಿತ್ತು. ಉಳಿದವರೇನು ದಿನಾ ಮಾಂಸ ತಿನ್ನುತ್ತಾರೆಯೇ? ಕೂಲಿ ಮನೆಯಲ್ಲಿ ಅದು ಜಾತ್ರೆಗೆ, ಹಬ್ಬಕ್ಕೆ, ಕೈಯಲ್ಲಿ ದುಡ್ಡಿದ್ದ ಭಾನುವಾರಕ್ಕೆ. ಮಿಕ್ಕ ದಿನ ಅವರೂ ರೊಟ್ಟಿ-ಖಾರದ ಸಸ್ಯಾಹಾರಿಗಳೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 32.9ರಷ್ಟು ತೂಕ ಕಡಿಮೆ ಇರುವವರು, ಶೇ. 65.5ರಷ್ಟು ರಕ್ತಹೀನರು. ಇದು ಒಂದು ಜಾತಿಯ ಲೆಕ್ಕವಲ್ಲ, ಬಡತನದ ಲೆಕ್ಕ.

ಇನ್ನು ತುಂಬಿದ ತಾಟಿಗೆ ಬರೋಣ. ಬಲ್ಲವರು ಯೋಚಿಸಿ ಹಾಕಿದ ಸಸ್ಯಾಹಾರದಲ್ಲಿ ಪ್ರೋಟೀನು, ಸುಣ್ಣದಂಶ, ಕಬ್ಬಿಣ ಎಲ್ಲ ಹೊಂದಿಸಿಕೊಳ್ಳಬಹುದು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅಮೆರಿಕದ ಆಹಾರತಜ್ಞರ ಸಂಘ 2016ರಲ್ಲಿ ಹಾಗೆಯೇ ಹೇಳಿದ್ದನ್ನು ನಮ್ಮವರು ಹುಡುಕಿ ತಂದು ಓದುತ್ತಾರೆ. ಆದರೆ ಅದರಲ್ಲಿದ್ದ ‘ಸರಿಯಾಗಿ ಯೋಜಿಸಿದರೆ’ ಎಂಬ ಷರತ್ತನ್ನು ಓದುವಾಗ ನುಂಗಿಬಿಡುತ್ತಾರೆ. ಅದೇ ಸಂಘ 2025ರಲ್ಲಿ ಹೊರಡಿಸಿದ ಹೊಸ ನಿಲುವು ವಯಸ್ಕರಿಗಷ್ಟೇ ಸೀಮಿತ. ನಮ್ಮ ಜಗಳವಾದರೋ ಮಕ್ಕಳದು, ಬಸುರಿ-ಬಾಣಂತಿಯರದು.

ಯೋಜನೆ ಎಂದರೆ ಏನು ಎಂಬುದು ಜೋಳದಿಂದಲೇ ಗೊತ್ತಾಗುತ್ತದೆ. ನಮಗೆ ರೊಟ್ಟಿಯ ಮೇಲೆ ಅಭಿಮಾನ, ಇರಲಿ. ಆದರೆ ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ತೀರಾ ಕಡಿಮೆ, ಲ್ಯೂಸೀನ್ ವಿಪರೀತ. ದಖ್ಖಣದಲ್ಲಿ ಜೋಳವನ್ನೇ ನೆಚ್ಚಿದ ಬಡವರ ಮೈಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿ ಸುಲಿಯುವ ಪೆಲಾಗ್ರಾ ರೋಗವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅಭ್ಯಾಸ ಮಾಡಿದರು. ಅದಕ್ಕೂ ಜೋಳದ ಲ್ಯೂಸೀನಿಗೂ ನಂಟಿದೆ ಎಂದು 1960ರಲ್ಲಿಯೇ ಬರೆದರು. ಜೋಳ ಕೆಟ್ಟದ್ದು ಎಂದು ಇದರ ಅರ್ಥವಲ್ಲ, ಜೋಳವೊಂದೇ ಸಾಲದು. ರೊಟ್ಟಿಯ ಜೊತೆ ಹೆಸರಕಾಳು, ಮಡಕಿಕಾಳು, ಕಡ್ಲಿಬ್ಯಾಳಿ ಬಿದ್ದರೆ ಲೈಸೀನಿನ ಕೊರತೆ ನೀಗುತ್ತದೆ. ಹಳೆಯ ಕಾಲದವರು ಜೋಳದ ನಡುವೆ ಕಾಳಿನ ಅಕ್ಕಡಿ ಸಾಲು ಬಿಡುತ್ತಿದ್ದರು, ಹೊಲದಲ್ಲಿ ಹಕ್ಕರಕಿ, ಕಿರಕಸಾಲಿ ಸೊಪ್ಪು ಕಿತ್ತು ತರುತ್ತಿದ್ದರು. ಈಗ ಹತ್ತಿ, ಗೋವಿನಜೋಳ ಹೊಲ ಹಿಡಿದಿವೆ, ಕಳೆನಾಶಕ ಸೊಪ್ಪನ್ನು ತೆಗೆದುಬಿಟ್ಟಿದೆ. ಅಜ್ಜನ ಊಟದ ಹೊಗಳಿಕೆ ಮಾತ್ರ ಉಳಿದಿದೆ.

ಕಬ್ಬಿಣದ್ದೂ ಹೀಗೆಯೇ. ಕಾಳಿನಲ್ಲಿ, ಸೊಪ್ಪಿನಲ್ಲಿ ಕಬ್ಬಿಣ ಇದೆ; ಮೈಗೆ ಹತ್ತುವುದು ನೂರರಲ್ಲಿ ಐದೋ ಎಂಟೋ ಪಾಲು. ಲಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಅದೂ ಹೋಯಿತು. ಇಲ್ಲಿ ಮೊಟ್ಟೆಯವರಿಗೂ ಒಂದು ಮಾತು: ಮೊಟ್ಟೆ ರಕ್ತಹೀನತೆಗೆ ಮದ್ದಲ್ಲ, ಅದರ ಕಬ್ಬಿಣವೂ ಸುಲಭಕ್ಕೆ ಹತ್ತುವಂಥದಲ್ಲ.

ವಿಟಮಿನ್ ಬಿ-12ರದ್ದು ಬೇರೆಯೇ ಕಥೆ. ಇದನ್ನು ಯಾವ ಗಿಡವೂ ತಯಾರಿಸುವುದಿಲ್ಲ. ತಯಾರಿಸುವವು ಬ್ಯಾಕ್ಟೀರಿಯಾ, ಪ್ರಾಣಿಗಳ ಮೈ ಸೇರಿ ಹಾಲು, ಮೊಟ್ಟೆ, ಮಾಂಸದ ಮೂಲಕ ನಮಗೆ ದಕ್ಕುತ್ತದೆ. ‘ಆನಿ ಏನ್ ತಿಂತೈತಿ? ಎತ್ತು ಏನ್ ತಿಂತೈತಿ?’ ಎಂದು ಸಭೆಯಲ್ಲಿ ಕೇಳಿ ಚಪ್ಪಾಳೆ ಗಿಟ್ಟಿಸುವವರಿಗೆ ಉತ್ತರ ಇಲ್ಲಿದೆ. ಎತ್ತಿನ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳ ಕಾರ್ಖಾನೆಯೇ ಇದೆ. ಅಲ್ಲಿ ತಯಾರಾದ ಬಿ-12 ಮುಂದೆ ಕರುಳಿಗೆ ಇಳಿದು ಮೈಗೆ ಸೇರುತ್ತದೆ. ಮನುಷ್ಯನ ಹೊಟ್ಟೆಯಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ, ಆದರೆ ಅವು ಇರುವುದು ದೊಡ್ಡ ಕರುಳಿನಲ್ಲಿ. ಬಿ-12 ಹೀರುವ ಜಾಗ ಅದಕ್ಕೂ ಮೊದಲೇ, ಸಣ್ಣ ಕರುಳಿನ ತುದಿಯಲ್ಲಿ ಮುಗಿದುಹೋಗಿರುತ್ತದೆ. ಎತ್ತಿನ ಊಟ ಎತ್ತಿಗೆ ಸಾಕು. ನಮಗೆ ಆ ಹೊಟ್ಟೆ ಇಲ್ಲ.

ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂ ಆಸುಪಾಸು. ಅಷ್ಟನ್ನು ಹಾಲಿನಿಂದಲೇ ಪಡೆಯಬೇಕೆಂದರೆ ಹೆಚ್ಚುಕಡಿಮೆ ಅರ್ಧ ಲೀಟರ್ ಹಾಲೋ ಮೊಸರೋ ಬೇಕು. ಅರ್ಧ ಲೀಟರ್ ಕುಡಿಯುವ ಸಸ್ಯಾಹಾರಿಗೆ ಚಿಂತೆಯಿಲ್ಲ. ಕರಿ ಚಹಾ ಕುಡಿಯುವ ಸಸ್ಯಾಹಾರಿಯ ಗತಿ ಏನು? 2016-18ರಲ್ಲಿ ನಡೆದ ರಾಷ್ಟ್ರೀಯ ಸಮಗ್ರ ಪೋಷಣೆ ಸಮೀಕ್ಷೆಯಲ್ಲಿ ದೇಶದ ಹದಿಹರೆಯದವರಲ್ಲಿ ಶೇ. 31ರಷ್ಟು ಮಂದಿಗೆ ಬಿ-12 ಕೊರತೆ ಕಂಡುಬಂತು. ಕೈಕಾಲು ಜೋಮು, ಮರೆವು, ಸುಮ್ಮಸುಮ್ಮನೆ ಸುಸ್ತು ಎಂದು ಬರುವವರಿಗೆ ನಮ್ಮ ಗದಗಿನ ದವಾಖಾನೆಗಳಲ್ಲಿ ಬಿ-12 ಸೂಜಿ ಮಾಡಿ ಕಳಿಸುವುದು ಈಗ ಮಾಮೂಲು. ಬೆಳಿಗ್ಗೆ ಸೂಜಿ ಮಾಡಿಸಿಕೊಂಡು ಸಂಜೆ ವೇದಿಕೆಯ ಮೇಲೆ ‘ಹೊರಗಿಂದ ಏನೂ ಬೇಕಾಗಿಲ್ಲ’ ಎಂದು ಭಾಷಣ ಮಾಡುವ ಹಿರಿಯರೂ ನಮ್ಮಲ್ಲಿದ್ದಾರೆ.

ಗಾಂಧಿಯನ್ನು ಈ ವಾದಕ್ಕೆ ಎಳೆಯುವವರು ಬಹಳ. ನಾಗಾವಿಯ ವಿಶ್ವವಿದ್ಯಾಲಯಕ್ಕೂ ಈಗ ಅವರದೇ ಹೆಸರು, ಅಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವೂ ಎದ್ದಿದೆ. ಹಾಗಾದರೆ ಗಾಂಧಿಯವರ ಅನುಭವವನ್ನೇ ನೋಡೋಣ. ದಕ್ಷಿಣ ಆಫ್ರಿಕದಲ್ಲಿ 1912ರಲ್ಲಿ ಅವರು ಹಾಲು ಬಿಟ್ಟರು. ಶುದ್ಧ ಗಿಡಮೂಲದ ಆಹಾರದಲ್ಲಿ ಬದುಕಿ ತೋರಿಸುವ ಹಟ. 1918ರಲ್ಲಿ ಖೇಡಾದಲ್ಲಿ ತಿರುಗುವಾಗ ಅವರ ಮುಖ್ಯ ಊಟ ಶೇಂಗಾ ಬೆಣ್ಣೆ ಮತ್ತು ಲಿಂಬೆ. ಆಮಶಂಕೆ ಹಿಡಿದು ಸಾವಿನ ಬಾಗಿಲಿಗೆ ಹೋದರು. ತಿಂಗಳುಗಟ್ಟಲೆ ಮೈ ಚೇತರಿಸಲಿಲ್ಲ. ಹಾಲಿಲ್ಲದೆ ಮೈ ಕಟ್ಟಲಾರೆ ಎಂದು ಡಾಕ್ಟರರು ಕೈಚೆಲ್ಲಿದರು. ಕೊನೆಗೆ, ವ್ರತ ಹಿಡಿದದ್ದು ಆಕಳು-ಎಮ್ಮೆಯ ಹಾಲಿನ ಬಗ್ಗೆ ಎಂಬ ದಾರಿಯನ್ನು ಕಸ್ತೂರಬಾ ತೋರಿಸಿದ ಮೇಲೆ ಆಡಿನ ಹಾಲು ಕುಡಿದು ಎದ್ದರು. ವ್ರತದ ಆತ್ಮಕ್ಕೆ ತಾನು ತಪ್ಪಿದೆ ಎಂಬ ನೋವನ್ನೂ ಬರೆದಿಟ್ಟರು. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಂತೂ, ಮರಿಯಾಗದ ಮೊಟ್ಟೆಯ ವಿಷಯಕ್ಕೆ ಬಂದು, ಹಾಲು ಕುಡಿಯುವವನು ಅದನ್ನು ತಿನ್ನಲು ಅಡ್ಡಿಯಿರಬಾರದು ಎಂಬರ್ಥದ ಮಾತು ಹೇಳಿದರು. ಅವರು ತಿನ್ನಲಿಲ್ಲ, ತಿನ್ನುವವರನ್ನು ತಡೆಯಲೂ ಇಲ್ಲ. ತನ್ನ ಮೈಮೇಲೆ ಪ್ರಯೋಗ ಮಾಡಿಕೊಂಡು ಸೋತದ್ದನ್ನು ಒಪ್ಪಿಕೊಂಡ ಗಾಂಧಿ ಎಲ್ಲಿ, ಇನ್ನೊಬ್ಬರ ಮಕ್ಕಳ ಮೈಮೇಲೆ ವ್ರತ ಹಿಡಿಯುವ ನಾವು ಎಲ್ಲಿ?

‘ಎಲ್ಲಾ ಐತಿ’ ಎನ್ನುವವರು ಕೊಡುವ ಪೈಲ್ವಾನರ ಉದಾಹರಣೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಗರಡಿಮನೆಯ ಸಸ್ಯಾಹಾರಿ ಪೈಲ್ವಾನ ಕುಡಿಯುವುದು ಚರಿಗೆಗಟ್ಟಲೆ ಹಾಲು, ತಿನ್ನುವುದು ಬಾದಾಮಿ, ತುಪ್ಪ. ಆ ಖುರಾಕನ್ನು ಊರ ಮಕ್ಕಳಿಗೆಲ್ಲ ಕೊಡಿಸಿ, ನಾನು ಬಾಯಿ ಮುಚ್ಚುತ್ತೇನೆ. ‘ನಮ್ಮಜ್ಜ ರೊಟ್ಟಿ ತಿಂದ ನೂರ ವರ್ಷ ಬದುಕಿದ’ ಎಂಬುದೂ ಅಷ್ಟೇ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ನೂರು ಮುಟ್ಟಿದ ಅಜ್ಜನ ಫೋಟೋ ಪಡಸಾಲೆಯಲ್ಲಿ ತೂಗುತ್ತದೆ. ತೊಟ್ಟಿಲಲ್ಲೇ ಹೋದ ಅವನ ತಮ್ಮ-ತಂಗಿಯರ ಫೋಟೋ ಯಾರೂ ತೆಗೆಸಲಿಲ್ಲ.

2021ರಲ್ಲಿ ಶಾಲೆಯ ಮೊಟ್ಟೆಗೆ ಮಠಗಳ ಕಡೆಯಿಂದ ವಿರೋಧ ಬಂದಾಗ ಕೊಪ್ಪಳ ಜಿಲ್ಲೆಯ ಗಂಗಾವತಿಯ ಶಾಲೆಯೊಂದರ ಹುಡುಗಿ, ಮೊಟ್ಟೆ ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗದರಿದ ವಿಡಿಯೋ ನಾಡೆಲ್ಲ ತಿರುಗಿತು. ಹಲವರಿಗೆ ಅದು ಉದ್ಧಟತನವಾಗಿ ಕಂಡಿತು. ನನಗೆ ಕಂಡದ್ದು, ಆ ಚರ್ಚೆಯಲ್ಲಿ ಹಸಿವಿನ ಬಗ್ಗೆ ಮಾತಾಡಿದ ಮೊದಲ ದನಿ ಅದೇ ಎಂಬುದು. ಮಠಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವುಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಬಡ ಮಕ್ಕಳು ಈ ನಾಡಿನ ಉದ್ದಕ್ಕೂ ಇದ್ದಾರೆ, ಆ ಋಣ ದೊಡ್ಡದು. ಅಷ್ಟು ಅಡುಗೆ ಮಾಡಿಸಿದ ಅನುಭವವಿರುವ ಮಠಗಳಿಂದ ನಾನು ನಿರೀಕ್ಷಿಸಿದ್ದು ಬೇರೆ: ಮೊಟ್ಟೆ ಬೇಡ, ಅದರ ಬದಲು ಇಷ್ಟು ಗ್ರಾಂ ಕಾಳು, ಇಷ್ಟು ಮೊಸರು ಕೊಡಿ ಎಂಬ ಲೆಕ್ಕ. ಬಂದದ್ದು ಹೋರಾಟದ ಎಚ್ಚರಿಕೆ. 2022ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆಂದು ರಾಜ್ಯದಲ್ಲಿ ತಯಾರಾದ ಆರೋಗ್ಯದ ನಿಲುವು ಪತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊಟ್ಟೆ-ಮಾಂಸ ನಿತ್ಯ ತಿಂದರೆ ಜೀವನಶೈಲಿಯ ರೋಗ ಬರುತ್ತದೆ ಎಂದಿತು. ಮೂವರಲ್ಲಿ ಒಂದು ಮಗು ತೂಕ ಕಡಿಮೆಯಿರುವ ರಾಜ್ಯದಲ್ಲಿ ಬೊಜ್ಜಿನ ಚಿಂತೆ ಮಾಡಿದ ಕಾಗದ ಅದು.

ಈ ಎಲ್ಲ ಗದ್ದಲದಲ್ಲಿ ಮೋಸ ಹೋದವರು ಯಾರು? ಸಸ್ಯಾಹಾರಿ ಮಕ್ಕಳೇ. ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿ ಇತ್ತು. 2025ರಲ್ಲಿ ಗುಣಮಟ್ಟದ ದೂರಿನಿಂದ ಚಿಕ್ಕಿಯನ್ನೂ ನಿಲ್ಲಿಸಿದ ಮೇಲೆ ಬಾಳೆಹಣ್ಣೊಂದೇ ಗತಿ. ಮೊಟ್ಟೆಯೊಂದರಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು, ಒಂದಿಷ್ಟು ಬಿ-12. ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಪ್ರೋಟೀನು, ಬಿ-12 ಸೊನ್ನೆ. ಪಕ್ಕಪಕ್ಕ ಕುಳಿತು ಉಣ್ಣುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಸಿಕ್ಕದ್ದರ ಆರನೇ ಒಂದು ಪಾಲು ಇನ್ನೊಬ್ಬನಿಗೆ. ಮೊಟ್ಟೆ ಬೇಡ ಎಂದು ರಸ್ತೆಗಿಳಿದವರನ್ನು ನೋಡಿದ್ದೇನೆ. ನಮ್ಮ ಸಸ್ಯಾಹಾರಿ ಮಕ್ಕಳಿಗೆ ಬಾಳೆಹಣ್ಣು ಸಾಲದು ಎಂದು ಇಳಿದವರನ್ನು ನೋಡಿಲ್ಲ. ‘ಎಲ್ಲಾ ಐತಿ’ ಎಂದ ಮೇಲೆ ಕೇಳುವ ಬಾಯಿಯಾದರೂ ಎಲ್ಲಿದೆ?

ಕೇಳಬಹುದಿತ್ತು, ದುಬಾರಿಯೂ ಅಲ್ಲ. 2024-25ರಲ್ಲಿ ಒಂದು ಮೊಟ್ಟೆಗೆ ಸರ್ಕಾರ ಇಟ್ಟಿದ್ದ ದರ ಆರು ರೂಪಾಯಿ. ಅದೇ ವರ್ಷ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ. ಮೊಟ್ಟೆಯಷ್ಟೇ ಪ್ರೋಟೀನು ಕೊಡುವ 25 ಗ್ರಾಂ ಹೆಸರಕಾಳಿಗೆ ಎರಡು ರೂಪಾಯಿಯ ಮೇಲೆ ಇಪ್ಪತ್ತು ಪೈಸೆಯೂ ಬೀಳುವುದಿಲ್ಲ. ಉಳಿದ ದುಡ್ಡಿನಲ್ಲಿ ಒಂದು ಸಣ್ಣ ಬಟ್ಟಲು ಮೊಸರಿಗೆ ದಾರಿಯಾಗುತ್ತದೆ. ಹೆಸರಕಾಳಿನ ಉಸುಳಿ, ಮೇಲೆ ಲಿಂಬೆ, ಬದಿಗೆ ಮೊಸರು: ಇದು ಮೊಟ್ಟೆಗೆ ಸರಿಸಮನಾಗಿ ನಿಲ್ಲುವ ಸಸ್ಯಾಹಾರ. ಬೆಂಬಲ ಬೆಲೆ ಸಿಗದೆ ಒದ್ದಾಡುವ ನಮ್ಮ ಜಿಲ್ಲೆಯ ಹೆಸರು ಬೆಳೆಗಾರನಿಗೂ ಊರಲ್ಲೇ ಗಿರಾಕಿ ಸಿಕ್ಕಂತಾಯಿತು. ಬಿಸಿಯೂಟದ ನಿಯಮದಲ್ಲಿ ಈಗಿರುವ ಬೇಳೆ ಐದನೆಯ ತರಗತಿಯವರೆಗೆ 20 ಗ್ರಾಂ, ಮೇಲಿನವರಿಗೆ 30 ಗ್ರಾಂ. ಸಾರಿನಲ್ಲಿ ಆ ಬೇಳೆಯನ್ನು ಹುಡುಕಿ ನೋಡಿದವರಿಗೆ ಗೊತ್ತು, ಎಷ್ಟು ಸಿಗುತ್ತದೆಂದು. ಕ್ಷೀರಭಾಗ್ಯ ಯೋಜನೆಯ 150 ಮಿಲಿ ಹಾಲು 2013ರಿಂದ ಶಾಲೆಗೆ ಬರುತ್ತಿದೆ, ಅದು ಒಳ್ಳೆಯದೇ. ಆದರೆ ಆ ಹಾಲು ಕುಡಿದೂ ಗದಗಿನ ಮಕ್ಕಳು ತಕ್ಕಡಿಯಲ್ಲಿ ಹಿಂದೆ ಬಿದ್ದರು ಎಂಬುದನ್ನು ಮರೆಯಬಾರದು.

ಮೊಟ್ಟೆ ತಿನ್ನುವ ಮನೆಯ ಮಗುವಿಗೆ ಮೊಟ್ಟೆ ಸಿಗಲಿ, ಅದಕ್ಕೆ ಅಡ್ಡಬರುವ ಹಕ್ಕು ನಮಗಿಲ್ಲ. ತಿನ್ನದ ಮನೆಯ ಮಗುವಿಗೆ ಅಷ್ಟೇ ತೂಕದ್ದು ಸಿಗಲಿ, ಅದನ್ನು ಕೇಳುವ ಜವಾಬ್ದಾರಿ ಸಸ್ಯಾಹಾರವನ್ನು ಹೊಗಳುವ ಎಲ್ಲರದು. ಬರುವ ಶ್ರಾವಣದಲ್ಲಿ ಯಾರಾದರೂ ಮೈಕಿನ ಮುಂದೆ ‘ಎಲ್ಲಾ ಐತಿ’ ಎಂದರೆ, ಎಷ್ಟು ಗ್ರಾಂ ಕಾಳು, ಎಷ್ಟು ಹಾಲು, ದುಡ್ಡು ಯಾರದು ಎಂದು ಎದ್ದು ನಿಂತು ಕೇಳಿ. ಏಕೆಂದರೆ ಇಂದು ವಾರಕ್ಕೆ ಆರು ದಿನ ಶಾಲೆಗೆ ಬರುತ್ತಿರುವ ಮೊಟ್ಟೆ-ಬಾಳೆಹಣ್ಣಿನಲ್ಲಿ ಸರ್ಕಾರದ ದುಡ್ಡಿನದು ಎರಡೇ ದಿನದ್ದು. ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುತ್ತಿರುವ ಸುಮಾರು 1,500 ಕೋಟಿ ರೂಪಾಯಿಯಿಂದ. ಆ ಒಪ್ಪಂದ ಆದದ್ದು 2024ರಲ್ಲಿ, ಅವಧಿ ಮೂರೇ ವರ್ಷ.